ಮಕ್ಕಳಿಗೆ ಪರಿಸರ, ವಿಪತ್ತು ಕಲಿಸುವ ಡಿಜಿಟಲ್ ಕಾಮಿಕ್ಸ್: ಶಾಲೆಯಲ್ಲೇ ಮಾಡುವ ಬಗೆ, ಹಂತ ಹಂತವಾಗಿ

ಕಾಮಿಕ್ಸ್ ಮಾಡಿ ತೋರಿಸಿದ ಶಿಕ್ಷಕರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಒಂದೇ. ಮಕ್ಕಳು ಖುಷಿಯಿಂದ ನೋಡಿದರು, ಪ್ರಶ್ನೆ ಕೇಳಿದರೆ ಉತ್ತರವನ್ನೂ ಹೇಳಿದರು, ಆದರೆ ಮಳೆ ಬಂದ ದಿನ ತುಂಬಿದ ಹಳ್ಳದ ದಂಡೆಗೆ ನೀರು ನೋಡಲು ಓಡಿದರು. ಚಿತ್ರ ಚೆನ್ನಾಗಿರಲಿಲ್ಲವೇ, ಬೇರೆ ಆ್ಯಪ್ ಬೇಕಿತ್ತೇ ಎಂದು ಕೇಳುತ್ತಾರೆ.

ತೊಂದರೆ ಇರುವುದು ಕೆಲಸದ ಕ್ರಮದಲ್ಲಿ. ಹೆಚ್ಚಿನವರು ಮೊದಲು ಆ್ಯಪ್ ಇಳಿಸಿಕೊಳ್ಳುತ್ತಾರೆ, ಆಮೇಲೆ ಪಾತ್ರ ಹುಡುಕುತ್ತಾರೆ, ಬಣ್ಣ ತುಂಬುತ್ತಾರೆ, ಕೊನೆಗೆ ಉಳಿದ ಜಾಗದಲ್ಲಿ ‘ಪರಿಸರ ಉಳಿಸಿ, ಎಚ್ಚರ ವಹಿಸಿ’ ಎಂದು ಬರೆಯುತ್ತಾರೆ. ಆ ಗಳಿಗೆಯಲ್ಲಿ ಮಗು ಎಲ್ಲಿ ನಿಲ್ಲಬೇಕು, ಯಾರಿಗೆ ಏನು ಹೇಳಬೇಕು, ಯಾವ ಕಡೆ ನಡೆಯಬೇಕು ಎಂಬುದು ಎಲ್ಲೂ ಇರುವುದಿಲ್ಲ. ಕೆಳಗಿನ ಹಂತಗಳು ಆ ಕ್ರಮವನ್ನು ತಿರುವಿ ಹಾಕುತ್ತವೆ. ಮಗುವಿನ ಕೈಕಾಲು ಮಾಡಬೇಕಾದ ಒಂದು ಕೆಲಸ ಮೊದಲು ಗೊತ್ತಾಗಬೇಕು. ಆ್ಯಪ್ ಬರುವುದು ಆರನೆಯ ಹಂತದಲ್ಲಿ.

ಬೇಕಾಗುವ ಸಾಮಾನು

ಕ್ಯಾಮೆರಾ ಸರಿಯಿರುವ ಒಂದು ಆ್ಯಂಡ್ರಾಯ್ಡ್ ಮೊಬೈಲ್, ಬಿಳಿ ಹಾಳೆ, ಪೆನ್ಸಿಲ್, ಕಪ್ಪು ಸ್ಕೆಚ್ ಪೆನ್. ಇಷ್ಟಿದ್ದರೆ ಶುರು ಮಾಡಬಹುದು. ಶಾಲೆಯಲ್ಲಿ ಸ್ಮಾರ್ಟ್ ಟಿವಿ ಅಥವಾ ಪ್ರೊಜೆಕ್ಟರ್ ಇದ್ದರೆ ತೋರಿಸಲು ಅನುಕೂಲ. ಇಲ್ಲದಿದ್ದರೆ ಝೆರಾಕ್ಸ್ ಅಂಗಡಿಯಲ್ಲಿ ಎ3 ಅಳತೆಯ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದರೂ ಕೆಲಸ ನಡೆಯುತ್ತದೆ.

ಆ್ಯಪ್‌ಗಳಲ್ಲಿ, ಕೈಯಿಂದ ಬರೆದ ಚಿತ್ರಕ್ಕೆ ಬಣ್ಣ ಹಾಕಲು ಐಬಿಸ್ ಪೇಂಟ್ ಅಥವಾ ಮೆಡಿಬ್ಯಾಂಗ್, ಚಿತ್ರ ಮತ್ತು ಅಕ್ಷರ ಜೋಡಿಸಲು ಕ್ಯಾನ್ವಾ ಸಾಕು. ಕಂಪ್ಯೂಟರ್ ಇದ್ದವರಿಗೆ ಕ್ರಿಟಾ, ಗಿಂಪ್ ಉಚಿತವಾಗಿ ಸಿಗುತ್ತವೆ. ಚಿತ್ರ ಬರೆಯಲು ಬಾರದವರು ಹಿಂಜರಿಯಬೇಕಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಚಿತ್ರಗಳಿವೆ. ಕಲಾವಿದರ ಹೆಸರು ನಮೂದಿಸಿ ಅವನ್ನು ಬಳಸಬಹುದು. ಗೂಗಲ್‌ನಲ್ಲಿ ಸಿಕ್ಕ ಚಿತ್ರವನ್ನು ಹಾಗೇ ಎತ್ತಿಕೊಳ್ಳುವುದು ಬೇಡ.

ಹಂತ 1: ಒಂದು ಅಪಾಯ, ಒಂದು ಕೆಲಸ

ಒಂದೇ ಕಾಮಿಕ್ಸ್‌ನಲ್ಲಿ ನೆರೆ, ಸಿಡಿಲು, ಭೂಕಂಪ, ಪ್ಲಾಸ್ಟಿಕ್, ಗಿಡ ನೆಡುವುದು ಎಲ್ಲವನ್ನೂ ತುರುಕುವುದು ಬಹಳ ಸಾಮಾನ್ಯವಾದ ತಪ್ಪು. ನಿಮ್ಮ ಶಾಲೆಯ ಮಕ್ಕಳಿಗೆ ನಿಜವಾಗಿ ಎದುರಾಗುವ ಒಂದು ಅಪಾಯ ಆರಿಸಿಕೊಳ್ಳಿ.

ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಭಾಗದಲ್ಲಿ ಅದು ಊರೂರಿಗೆ ಬೇರೆ. ಅಫಜಲಪುರ, ಜೇವರ್ಗಿ ಕಡೆ ಭೀಮಾ ಹೊಳೆ. ಸುರಪುರ, ಶಹಾಪುರದ ದಂಡೆಯ ಊರುಗಳಿಗೆ ಕೃಷ್ಣಾ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯ ಸಂಪರ್ಕವೇ ಕಡಿಯುತ್ತದೆ. ಚಿಂಚೋಳಿ, ಸೇಡಂ, ಚಿತ್ತಾಪುರ ಭಾಗಕ್ಕೆ ಕಾಗಿಣಾ, ಮುಲ್ಲಾಮಾರಿ. ಭಾಲ್ಕಿ, ಔರಾದ ಕಡೆ ಮಾಂಜ್ರಾ. ಹೊಳೆ ದೂರವಿರುವ ಊರಲ್ಲೂ ಶಾಲೆಗೂ ಮನೆಗೂ ನಡುವೆ ಒಂದು ಹಳ್ಳ ಇದ್ದೇ ಇರುತ್ತದೆ. ನನ್ನನ್ನು ಕೇಳಿದರೆ, ಮೊದಲ ಕಾಮಿಕ್ಸ್ ಆ ಹಳ್ಳದ್ದೇ ಆಗಲಿ. ದೊಡ್ಡ ಹೊಳೆಗೆ ಡಂಗುರ ಸಾರುತ್ತಾರೆ, ಪೊಲೀಸರು ಬಂದು ನಿಲ್ಲುತ್ತಾರೆ. ಹಳ್ಳಕ್ಕೆ ಯಾರೂ ಬರುವುದಿಲ್ಲ. ಅಲ್ಲಿ ಮಗು ತಾನೇ ನಿರ್ಧರಿಸಬೇಕು.

ಅಪಾಯ ಆರಿಸಿದ ಮೇಲೆ ಒಂದು ವಾಕ್ಯ ಬರೆಯಿರಿ: ‘ಇಂಥದ್ದು ಕಂಡಾಗ ಮಗು ಇಂಥದ್ದು ಮಾಡುತ್ತದೆ.’ ಉದಾಹರಣೆಗೆ: ‘ಸಿಡಿ ಮೇಲಿನ ಗುರುತಿನ ಕಲ್ಲು ಮುಳುಗಿದ್ದು ಕಂಡಾಗ ಮಗು ತಿರುಗಿ ಶಾಲೆಗೆ ಬರುತ್ತದೆ.’ (ಸಿಡಿ ಎಂದರೆ ಹಳ್ಳ ದಾಟಲು ಕಟ್ಟಿದ ತಗ್ಗಿನ ಸಣ್ಣ ಸೇತುವೆ. ನೀರು ಏರಿದ್ದು ತಿಳಿಯಲು ಅದರ ತುದಿಗೆ ನಿಲ್ಲಿಸುವುದು ಗುರುತಿನ ಕಲ್ಲು.) ವಾಕ್ಯದ ಮೊದಲ ಅರ್ಧ ಕಣ್ಣಿಗೆ ಕಾಣುವಂಥದ್ದು ಅಥವಾ ಕಿವಿಗೆ ಕೇಳುವಂಥದ್ದಾಗಿರಬೇಕು. ಎರಡನೆಯ ಅರ್ಧವನ್ನು ಮಗು ಯಾರ ಸಹಾಯವೂ ಇಲ್ಲದೆ ಮಾಡುವಂತಿರಬೇಕು. ‘ಜಾಗೃತಿ ಮೂಡುತ್ತದೆ’, ‘ಎಚ್ಚರ ವಹಿಸುತ್ತದೆ’ ಎಂಬಂಥ ಮಾತು ಬಂದರೆ ವಾಕ್ಯ ಇನ್ನೂ ಸಿದ್ಧವಾಗಿಲ್ಲ, ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 2: ಮಾಹಿತಿಯನ್ನು ಊರಲ್ಲೇ ಖಚಿತ ಮಾಡಿಕೊಳ್ಳಿ

ಈ ಹಂತವನ್ನು ಬಹಳ ಜನ ಹಾರಿಸುತ್ತಾರೆ. ತಪ್ಪು ಮಾಹಿತಿಯ ಕಾಮಿಕ್ಸ್ ಮಾಡುವುದಕ್ಕಿಂತ ಮಾಡದೇ ಇರುವುದೇ ಲೇಸು, ಏಕೆಂದರೆ ಮಕ್ಕಳು ಚಿತ್ರವನ್ನು ನಂಬುತ್ತಾರೆ.

ಹಳ್ಳ, ಹೊಳೆ: ಜೋರಾಗಿ ಹರಿಯುವ ನೀರು 15 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ ಇದ್ದರೂ ನಿಂತವರನ್ನು ಕೆಡವಬಲ್ಲದು. 30 ಸೆಂಟಿಮೀಟರಿಗೆ ಸಣ್ಣ ಕಾರು ಜಾರುತ್ತದೆ, 60 ಸೆಂಟಿಮೀಟರಿಗೆ ಹೆಚ್ಚಿನ ವಾಹನಗಳು ಕೊಚ್ಚಿಹೋಗುತ್ತವೆ. ಮೊಣಕಾಲುದ್ದ ನೀರಲ್ಲಿ ಮಗು ದಾಟುವ ಚಿತ್ರ ಎಲ್ಲೂ ಬರಕೂಡದು. ಇನ್ನೊಂದು ಸಂಗತಿಯನ್ನು ನಮ್ಮ ಭಾಗದ ಮಕ್ಕಳಿಗೆ ಬಿಡಿಸಿ ಹೇಳಲೇಬೇಕು: ಇಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳಿಂದ ನೀರು ಬಿಟ್ಟರೆ ಅದು ಸೊನ್ನ ಬ್ಯಾರೇಜಿನ ಮೂಲಕ ಭೀಮೆಯ ದಂಡೆಯ ಊರುಗಳಿಗೆ ಬರುತ್ತದೆ. 2020ರ ಅಕ್ಟೋಬರ್ ನೆರೆಯನ್ನು ಕಂಡ ಮನೆಗಳವರಿಗೆ ಇದು ಗೊತ್ತು. ಆಗ ತೀರ ಚಿಕ್ಕವರಾಗಿದ್ದ ಮಕ್ಕಳಿಗೆ ಗೊತ್ತಿಲ್ಲ.

ಸಿಡಿಲು: ಮಿಂಚು ಕಂಡ ಕೂಡಲೇ ಸೆಕೆಂಡಿಗೆ ಒಂದರಂತೆ ಎಣಿಸಲು ಶುರು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನ ಒಳಗಿದೆ, ಕೂಡಲೇ ಪಕ್ಕಾ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಬರಬಾರದು. ತೊಗರಿ ಹೊಲದ ನಡುವೆ ಒಂಟಿಯಾಗಿ ನಿಂತ ಬೇವಿನ ಗಿಡದ ಕೆಳಗೆ ಕುರಿ ಕಾಯುವ ಹುಡುಗರು ನಿಲ್ಲುವುದು ಎಲ್ಲರೂ ಕಂಡದ್ದೇ. ಅದು ಬಲು ಅಪಾಯದ ಜಾಗ. ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ಗೋಡೆಯಿಲ್ಲದ ಶೆಡ್ಡು ಕೂಡ ಸುರಕ್ಷಿತವಲ್ಲ. ಮಿಂಚಿನ ಮುನ್ಸೂಚನೆಗೆ ಕೇಂದ್ರ ಸರ್ಕಾರದ ‘ದಾಮಿನಿ’ ಆ್ಯಪ್ ಇದೆ. ಅದನ್ನು ಶಿಕ್ಷಕರು, ಪಾಲಕರು ನೋಡಲಿ. ಕಾಮಿಕ್ಸ್‌ನಲ್ಲಿ ಮಗುವಿಗೆ ಎಣಿಕೆಯನ್ನೇ ಕಲಿಸಿ. ಹೊಲದಲ್ಲಿ ಮಗುವಿನ ಕೈಯಲ್ಲಿ ಮೊಬೈಲ್ ಇರುವುದಿಲ್ಲ.

ಭೂಕಂಪ: 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಆದ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ಬಹುಪಾಲು ದಪ್ಪ ಕಲ್ಲುಮಣ್ಣಿನ ಗೋಡೆ, ಮೇಲಿನ ಮಣ್ಣಿನ ಮಾಳಿಗೆ (ಚಾವಣಿ) ಕುಸಿದು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಸುತ್ತ ಮೇಲಿಂದ ಮೇಲೆ ನೆಲ ನಡುಗಿದಾಗ ಜನ ರಾತ್ರಿ ಮನೆಯ ಹೊರಗೇ ಮಲಗಿದ್ದರು. ಇಲ್ಲಿ ಒಂದು ಸೂಕ್ಷ್ಮವಿದೆ. ‘ಬಗ್ಗು, ಬೆಂಚಿನಡಿ ಸೇರು, ಬೆಂಚಿನ ಕಾಲು ಹಿಡಿದುಕೋ’ ಎಂಬ ಪಾಠ ಸಿಮೆಂಟ್ ಕಾಂಕ್ರೀಟಿನ ಶಾಲೆ ಕೋಣೆಗೆ ಸರಿ. ಭಾರದ ಮಾಳಿಗೆಯ ಕಲ್ಲುಮಣ್ಣಿನ ಮನೆಯಲ್ಲಿ, ಬಾಗಿಲು ಹತ್ತಿರವಿದ್ದು ಎರಡು ಮೂರು ಹೆಜ್ಜೆಗೆ ಬಯಲು ಸಿಗುವಂತಿದ್ದರೆ ಹೊರಗೆ ಹೋಗುವುದೇ ಮೇಲು. ಮನೆಗೊಂದು, ಶಾಲೆಗೊಂದು ಎಂದು ಎರಡು ಕಾಮಿಕ್ಸ್ ಮಾಡಿ. ಎರಡನ್ನೂ ಒಂದರಲ್ಲೇ ಬೆರೆಸಿದರೆ ಮಗು ಗೊಂದಲಕ್ಕೆ ಬಿದ್ದು ನಿಂತಲ್ಲೇ ನಿಲ್ಲುತ್ತದೆ.

ಬಿಸಿಲು: ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ಮಕ್ಕಳ ಆಟ ಮಾತ್ರ ಬದಲಾಗುವುದಿಲ್ಲ. ತಲೆ ಸುತ್ತು, ವಾಂತಿ, ಸ್ನಾಯು ಸೆಳೆತ ಕಂಡರೆ ನೆರಳಿಗೆ ಕರೆದೊಯ್ದು ಓಆರ್‌ಎಸ್ ಕುಡಿಸಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಮೈ ಕೆಂಡದಂತೆ ಕಾದು, ಮಾತು ತೊದಲಿದರೆ ಅಥವಾ ಗುರುತು ಹಿಡಿಯದಂತಾದರೆ ಅದು ಬಿಸಿಲಾಘಾತ. ಕೂಡಲೇ 108ಕ್ಕೆ ಫೋನ್ ಮಾಡಿ, ಮೈಮೇಲೆ ನೀರು ಸುರಿದು ಗಾಳಿ ಹಾಕಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮಜ್ಜಿಗೆ, ಅಂಬಲಿಯ ಚಿತ್ರ ಹಾಕಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ.

ಹಾವು: ನೆರೆ ಇಳಿದ ಮೇಲೆ ಮನೆಯೊಳಗೆ ಹಾವು ಬರುವುದುಂಟು. ಕಚ್ಚಿದ ಜಾಗ ಕೊಯ್ಯುವುದು, ಹಗ್ಗ ಬಿಗಿಯುವುದು, ಬಾಯಿಂದ ಹೀರುವುದು ಇವು ಕಾಮಿಕ್ಸ್‌ನಲ್ಲಿ ತಪ್ಪಿಯೂ ಬರಬಾರದು. ಕಚ್ಚಿದ ಕೈ ಅಥವಾ ಕಾಲು ಅಲುಗಿಸದೆ ಆಸ್ಪತ್ರೆಗೆ ಒಯ್ಯುವುದು, ಅಷ್ಟೇ.

ಇವೆಲ್ಲ ಎಲ್ಲೆಡೆಗೂ ಒಪ್ಪುವ ಮಾಹಿತಿ. ಊರಿಗೇ ಸಂಬಂಧಿಸಿದ್ದನ್ನು ನೀವೇ ಕೇಳಿ ತಿಳಿಯಬೇಕು. ಗ್ರಾಮ ಆಡಳಿತ ಅಧಿಕಾರಿ ಮತ್ತು ಪಿಡಿಒ ಅವರಿಂದ: ಕಾಳಜಿ ಕೇಂದ್ರ (ನೆರೆ ಬಂದಾಗ ಜನ ತಂಗುವ ಜಾಗ) ಎಲ್ಲಿ ತೆರೆಯುತ್ತಾರೆ, ನೀರು ಎಲ್ಲಿಯವರೆಗೆ ಬಂದಿತ್ತು. ಲೈನ್‌ಮನ್‌ರಿಂದ: ತಂತಿ ಹರಿದು ಬಿದ್ದರೆ ಎಷ್ಟು ದೂರ ನಿಲ್ಲಬೇಕು, 1912ಕ್ಕೆ ಫೋನ್ ಮಾಡಿ ಏನು ಹೇಳಬೇಕು. ಆಶಾ ಕಾರ್ಯಕರ್ತೆಯಿಂದ: ಹಾವಿನ ವಿಷಕ್ಕೆ ಮದ್ದು ಇರುವ ಹತ್ತಿರದ ಆಸ್ಪತ್ರೆ ಯಾವುದು. ಊರಿನ ಮುತ್ಯಾಗಳನ್ನೂ (ಅಜ್ಜಂದಿರನ್ನೂ) ಕೇಳಿ. ನೀರು ಯಾವ ಕಟ್ಟೆಯನ್ನು ಎಂದೂ ಮುಟ್ಟಿಲ್ಲ ಎಂದು ಅವರು ಬೆರಳು ಮಾಡಿ ತೋರಿಸುತ್ತಾರೆ. ನಿಮ್ಮ ಕೊನೆಯ ಚೌಕದಲ್ಲಿ ಮಗು ನಿಲ್ಲಬೇಕಾದ ಜಾಗ ಅದೇ.

ಹಂತ 3: ಪರಿಸರದ ಪಾಠವನ್ನು ಸರಿಯಾದ ಕಾರಣಕ್ಕೆ ಜೋಡಿಸಿ

ಪರಿಸರ ಮತ್ತು ವಿಪತ್ತು ಬೇರೆ ಬೇರೆ ಪಾಠಗಳಾಗಬೇಕಿಲ್ಲ. ಆದರೆ ಸುಳ್ಳು ಕಾರಣ ಕಟ್ಟಬಾರದು. ಮಕ್ಕಳು ಚಾಕೊಲೇಟ್ ಕಾಗದ ಎಸೆದದ್ದಕ್ಕೆ ಭೀಮಾ ಹೊಳೆ ಉಕ್ಕಿತು ಎಂಬ ಕಥೆಗಳು ಬರುತ್ತವೆ. ಅದು ನಿಜವಲ್ಲ, ಮಗುವಿನ ಮೇಲೆ ಹೊರಿಸಬಾರದ ಹೊರೆಯೂ ಹೌದು. ಆರನೇ ತರಗತಿಯ ಹುಡುಗಿ ಅಷ್ಟನ್ನು ತರ್ಕಿಸಿ ತಿಳಿಯಬಲ್ಲಳು. ಒಮ್ಮೆ ನಂಬಿಕೆ ಹೋದರೆ ಉಳಿದ ಚೌಕಗಳನ್ನೂ ಅವಳು ನಂಬುವುದಿಲ್ಲ.

ನಿಜವಾದ ಜೋಡಣೆ ಚಿಕ್ಕದಾಗಿರುತ್ತದೆ. ಗುಟಕಾ ಚೀಟಿ, ಕ್ಯಾರಿಬ್ಯಾಗ್ ಸೇರಿ ಮೋರಿ ಕಟ್ಟಿದರೆ ಓಣಿಯಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆ ಹೆಚ್ಚುತ್ತದೆ. ಇದನ್ನು ಮಗು ತನ್ನ ಓಣಿಯಲ್ಲೇ ನೋಡಬಹುದು. ಹೂಳು ತುಂಬಿದ ಕೆರೆಯಲ್ಲಿ ನೀರು ನಿಲ್ಲದೆ ಬೇಸಿಗೆಗೆ ಬೋರು ಬತ್ತುತ್ತದೆ. ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳು ನೀರು ಕಡಿಮೆಯಿದ್ದಾಗಲೂ ಈಜುವ ಹುಡುಗರ ಪ್ರಾಣ ತೆಗೆಯುತ್ತವೆ. ನೆರಳಿಲ್ಲದ ಆಟದ ಬಯಲಿನಲ್ಲಿ ಬೇಸಿಗೆಗೆ ಕಾಲಿಡಲಾಗುವುದಿಲ್ಲ. ಬೀದರ್ ಶಾಲೆಗಳವರಿಗೆ ಕರೇಜ್ ಎಂಬ ಸುರಂಗ ಬಾವಿಗಳಿವೆ. ನೆಲದಡಿಯ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಮೇಲೆ ಕಸ ಸುರಿದರೆ ಕೆಳಗೆ ಏನಾಗುತ್ತದೆ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಭಾಗದಲ್ಲಿ ಇಲ್ಲ.

ಪರಿಸರದ ಕಾಮಿಕ್ಸ್‌ಗೂ ಮೊದಲ ಹಂತದ ವಾಕ್ಯವೇ ನಿಯಮ: ‘ಮೋರಿ ಕಟ್ಟಿದ್ದು ಕಂಡಾಗ ಮಗು ಮಾಸ್ತರರಿಗೆ ಹೇಳುತ್ತದೆ, ಅವರು ಪಂಚಾಯಿತಿಗೆ ಫೋಟೊ ಕಳಿಸುತ್ತಾರೆ.’ ಮಗುವೇ ಮೋರಿಗಿಳಿದು ಕಸ ತೆಗೆಯುವ ಚಿತ್ರ ಬೇಡ.

ಹಂತ 4: ಕೊನೆಯ ಚೌಕದಿಂದ ಹಿಂದಕ್ಕೆ ಬರೆಯಿರಿ

ಏಳೆಂಟು ಚೌಕ ಸಾಕು. ಒಂದರಿಂದ ಮೂರನೇ ತರಗತಿಗೆ ನಾಲ್ಕೇ ಸಾಕು. ಮಗು ಸುರಕ್ಷಿತವಾಗಿ ಎಲ್ಲಿದೆ, ಏನು ಮಾಡುತ್ತಿದೆ ಎಂಬ ಕೊನೆಯ ಚೌಕವನ್ನು ಮೊದಲು ಬರೆಯಿರಿ. ಅದಕ್ಕೆ ಹಿಂದಿನದು ಏನು, ಅದರ ಹಿಂದಿನದು ಏನು ಎಂದು ಹಿಂದಕ್ಕೆ ಹೋಗಿ. ಹೀಗೆ ಬರೆದರೆ ಕಥೆ ದಾರಿ ತಪ್ಪುವುದಿಲ್ಲ, ಕೊನೆಯಲ್ಲಿ ಘೋಷಣೆ ಬರೆಯುವ ಅಗತ್ಯವೂ ಬೀಳುವುದಿಲ್ಲ.

ಹಳ್ಳದ ಕಾಮಿಕ್ಸ್‌ಗೆ ಒಂದು ಮಾದರಿ:

ಚೌಕ 7: ಶಾಲೆಯ ಕಟ್ಟೆ. ಅಕ್ಕ ತಮ್ಮ ಇಬ್ಬರೂ ಕೂತಿದ್ದಾರೆ. ಅಕ್ಕ ಮಾಸ್ತರರ ಫೋನಿನಲ್ಲಿ: “ಅವ್ವಾ, ಹಳ್ಳ ಬಂದದ. ಸಾಲ್ಯಾಗ ಅದೀವಿ. ನೀರು ಇಳದ ಮ್ಯಾಲ ಬರ್ತೀವಿ.”

ಚೌಕ 6: ಇಬ್ಬರೂ ಕೈ ಹಿಡಿದು ಹಳ್ಳಕ್ಕೆ ಬೆನ್ನು ಮಾಡಿ ಶಾಲೆಯ ಕಡೆ ನಡೆಯುತ್ತಿದ್ದಾರೆ. ಮಾತಿಲ್ಲ.

ಚೌಕ 5: ಬೈಕ್ ಮೇಲೆ ಊರಿನ ಕಾಕಾ: “ಕೂಡ್ರಿ, ದಾಟಸ್ತೀನಿ.” ಅಕ್ಕ: “ಬ್ಯಾಡ ಕಾಕಾ. ನೀವೂ ದಾಟಬ್ಯಾಡ್ರಿ.”

ಚೌಕ 4: ಅಕ್ಕ ಬೆರಳು ಮಾಡಿ: “ಗುರುತಿನ ಕಲ್ಲು ಕಾಣವಲ್ದು ನೋಡು. ಕಲ್ಲು ಮುಳುಗಿದ್ರ ದಾಟಬಾರ್ದು.”

ಚೌಕ 3: ತಮ್ಮ: “ಅಕ್ಕಾ, ಮೊಣಕಾಲ ತನಕ ಅಷ್ಟೇ ಅದ. ದಾಟಿ ಹೋಗಮು.”

ಚೌಕ 2: ಸಿಡಿ ಮೇಲೆ ಕಂದು ನೀರು ಹರಿಯುತ್ತಿದೆ.

ಚೌಕ 1: ಶಾಲೆ ಬಿಟ್ಟಿದೆ. ಇಲ್ಲಿ ಬಿಸಿಲು, ದೂರದಲ್ಲಿ ಮೋಡ.

ಐದನೆಯ ಚೌಕವನ್ನು ಯಾವ ಕಾರಣಕ್ಕೂ ಬಿಡಬೇಡಿ. ನಮ್ಮ ಊರುಗಳಲ್ಲಿ ಮಗು ತಾನಾಗಿ ನೀರಿಗಿಳಿಯುವುದಕ್ಕಿಂತ ದೊಡ್ಡವರು ಕರೆದರೆ ಹೋಗುವುದು ಹೆಚ್ಚು. ಹಿರಿಯರಿಗೆ ಮರ್ಯಾದೆ ಕೊಟ್ಟು ‘ಬ್ಯಾಡ’ ಎನ್ನುವ ಮಾತನ್ನು ಮಗುವಿನ ಬಾಯಿಗೆ ನೀವೇ ಕೊಡಬೇಕು. ಅದು ಚಿತ್ರದಲ್ಲಿ ಇದ್ದರೆ ಮಗುವಿಗೆ ಧೈರ್ಯ ಬರುತ್ತದೆ, ಚಿತ್ರ ನೋಡಿದ ಕಾಕಾನೂ ಒಮ್ಮೆ ನಿಂತು ಯೋಚಿಸುತ್ತಾನೆ.

ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಯ ಮಾತು ಊರಿನ ಆಡುಮಾತಲ್ಲೇ ಇರಲಿ. ಪಠ್ಯಪುಸ್ತಕದ ಕನ್ನಡ ಕೆಡುತ್ತದೆ ಎಂದು ಕೆಲವು ಶಿಕ್ಷಕರು ಅಳುಕುತ್ತಾರೆ. ಅಪಾಯದ ಹೊತ್ತಿನಲ್ಲಿ ಮಗುವಿನ ನಾಲಗೆಗೆ ಬರುವುದು ಮನೆಮಾತು. ವಿವರಣೆಯ ಸಾಲುಗಳನ್ನು ಬೇಕಾದರೆ ಶಿಷ್ಟ ಕನ್ನಡದಲ್ಲಿ ಬರೆಯಿರಿ.

ಇಲ್ಲಿ ಎರಡು ತಪ್ಪುಗಳು ನಿಜಕ್ಕೂ ಅಪಾಯಕಾರಿ. ಮೊದಲನೆಯದು, ಮಗುವನ್ನು ವೀರನನ್ನಾಗಿ ಮಾಡುವುದು. ಕೊಚ್ಚಿಹೋಗುವ ಆಡುಮರಿಯನ್ನು ನೀರಿಗೆ ಹಾರಿ ಉಳಿಸಿದ ಹುಡುಗನಿಗೆ ಊರವರು ಹಾರ ಹಾಕುವ ಕಥೆ ನೋಡಲು ಚೆಂದ. ಅದನ್ನು ನೋಡಿದ ಮಗು ಕಲಿಯುವುದು ನೀರಿಗೆ ಹಾರುವುದನ್ನು. ಮುಳುಗುತ್ತಿರುವವರಿಗೆ ದಂಡೆಯಿಂದಲೇ ಉದ್ದನೆಯ ಕೋಲು, ಹಗ್ಗ, ಖಾಲಿ ಕೊಡ ಎಸೆಯುವುದು, ಕೂಗಿ ದೊಡ್ಡವರನ್ನು ಕರೆಯುವುದು, 112ಕ್ಕೆ ಫೋನ್ ಮಾಡಿಸುವುದು ಇಷ್ಟೇ ಮಗುವಿನ ಕೆಲಸ.

ಎರಡನೆಯದು, ತಪ್ಪು ನಡವಳಿಕೆಯನ್ನು ದೊಡ್ಡದಾಗಿ ಬರೆದು ಮೇಲೆ ಕೆಂಪು ಅಡ್ಡಗೆರೆ ಹಾಕುವುದು. ಚಿಕ್ಕ ಮಕ್ಕಳಿಗೆ ಅಡ್ಡಗೆರೆ ಮರೆತುಹೋಗುತ್ತದೆ, ಚಿತ್ರ ಉಳಿಯುತ್ತದೆ. ಸರಿಯಾದುದನ್ನೇ ದೊಡ್ಡದಾಗಿ ಬರೆಯಿರಿ. ಹೆಣ, ರಕ್ತ, ಅಳುವ ತಾಯಿ ಇವೂ ಬೇಡ. ಹೆದರಿದ ಮಗು ಕಣ್ಣು ಮುಚ್ಚಿಕೊಳ್ಳುತ್ತದೆ, ಕಲಿಯುವುದಿಲ್ಲ. ನೆರೆಯಲ್ಲಿ ಮನೆ ಕಳೆದುಕೊಂಡ ಮಕ್ಕಳು ತರಗತಿಯಲ್ಲಿದ್ದರೆ ಕರಡನ್ನು ಮೊದಲು ಅವರ ಪಾಲಕರಿಗೆ ತೋರಿಸಿ.

ಹಂತ 5: ಕಾಗದದ ಕರಡು, ಮಾತಿಲ್ಲದ ಪರೀಕ್ಷೆ

ಹಾಳೆ ಮಡಚಿ ಚೌಕ ಮಾಡಿ ಕಡ್ಡಿ ಗೊಂಬೆಗಳಲ್ಲೇ ಕಥೆ ಬರೆಯಿರಿ. ಮಾತಿನ ಗುಳ್ಳೆ ಖಾಲಿ ಬಿಡಿ. ಕಥೆ ಗೊತ್ತಿಲ್ಲದ ಇಬ್ಬರು ಮೂವರು ಮಕ್ಕಳ ಕೈಗೆ ಕೊಟ್ಟು “ಏನಾಗ್ಲಿಕತ್ತದ ಹೇಳ್ರಿ” ಎಂದು ಕೇಳಿ ಸುಮ್ಮನಿರಿ. ನೀವು ಬಾಯಿ ಹಾಕಬಾರದು. ಚಿತ್ರದಿಂದಲೇ ಕಥೆ ಹೊರಟರೆ ಪಾಸು. ಎಲ್ಲಿ ತಡವರಿಸುತ್ತಾರೋ ಆ ಚೌಕ ತಿದ್ದಿ.

ಈ ಪರೀಕ್ಷೆ ನಮ್ಮ ಭಾಗದಲ್ಲಿ ಇನ್ನೂ ಮುಖ್ಯ. ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ, ಉರ್ದು, ಲಂಬಾಣಿ, ತೆಲುಗು, ಮರಾಠಿ ಮಾತಾಡುವ ಮಕ್ಕಳು ಇರುತ್ತಾರೆ. ತಾಂಡಾದಿಂದ ಬಂದ ಒಂದನೇ ತರಗತಿಯ ಮಗುವಿಗೆ ನಿಮ್ಮ ಗುಳ್ಳೆಯ ಮಾತು ಅರ್ಥವಾಗದೇ ಇರಬಹುದು, ಚಿತ್ರ ಅರ್ಥವಾಗಬೇಕು.

ಚೌಕಗಳನ್ನು ಅಕ್ಕಪಕ್ಕ ಜೋಡಿಸಬೇಡಿ. ಉರ್ದು ಶಾಲೆಯ ಮಕ್ಕಳ ಕಣ್ಣು ಬಲದಿಂದ ಎಡಕ್ಕೆ ಹೋಗುತ್ತದೆ, ಕನ್ನಡದವರದು ಎಡದಿಂದ ಬಲಕ್ಕೆ. ಅದೇ ಹಾಳೆ ಉರ್ದು ಶಾಲೆಗೆ ಹೋದರೆ ಮಗು ಮೊದಲು ಹಳ್ಳ ದಾಟಲು ನಿರಾಕರಿಸಿ ಆಮೇಲೆ ಹಳ್ಳ ನೋಡುತ್ತದೆ! ಒಂದರ ಕೆಳಗೊಂದು ಚೌಕ ಇಟ್ಟರೆ ಎರಡೂ ಕಡೆಯವರಿಗೆ ಸರಿ, ಮೊಬೈಲ್ ಪರದೆಗೂ ಸರಿ. ಒಂದೇ ಚೌಕದಲ್ಲಿ ಇಬ್ಬರು ಮಾತಾಡಿದರೆ ಮೊದಲ ಮಾತು ಮೇಲಿರಲಿ, ಉತ್ತರ ಕೆಳಗಿರಲಿ.

ಹಂತ 6: ಮೊಬೈಲಿಗೆ ಇಳಿಸುವುದು

ಕರಡು ಪಾಸಾದ ಮೇಲೆ ಪ್ರತಿ ಚೌಕವನ್ನು ಬೇರೆ ಬೇರೆ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ ತೀಡಿ. ಬೆಳಗಿನ ಹೊತ್ತು, ನೆರಳಿನಲ್ಲಿ, ಮೊಬೈಲನ್ನು ಹಾಳೆಗೆ ನೇರವಾಗಿ ಹಿಡಿದು ಫೋಟೊ ತೆಗೆಯಿರಿ. ಸ್ಕ್ಯಾನ್ ಮಾಡುವ ಆ್ಯಪ್ ಬಳಸಿದರೆ ಹಾಳೆಯ ಮೇಲಿನ ಬೂದು ನೆರಳು ಹೋಗುತ್ತದೆ. ಆ ಚಿತ್ರವನ್ನು ಐಬಿಸ್ ಪೇಂಟ್‌ನಲ್ಲಿ ತೆರೆದು ಮೇಲೊಂದು ಪದರ (ಲೇಯರ್) ಸೇರಿಸಿ ಬಣ್ಣ ಹಾಕಿ. ಅಳತೆ: ಅಗಲ 1080, ಎತ್ತರ 1350 ಪಿಕ್ಸೆಲ್. ಒಂದು ಚೌಕಕ್ಕೆ ಒಂದು ಚಿತ್ರ.

ಬಣ್ಣ ಮೂರು ನಾಲ್ಕು ಸಾಕು. ನೀರಿಗೆ ನೀಲಿ ಹಾಕುವುದು ರೂಢಿ. ನಮ್ಮ ಎರೆ ಭೂಮಿಯಲ್ಲಿ ನೆರೆನೀರು ಕಂದು ಬಣ್ಣದ್ದು. ನೀಲಿ ನೀರು ಕಂಡ ಮಗುವಿಗೆ ಈಜುವ ಆಸೆ ಬರುತ್ತದೆ. ಮನೆಗೆ ಶಹಾಬಾದ ಪರಸಿ ಕಲ್ಲು, ಹೊಲದಲ್ಲಿ ತೊಗರಿ ಗಿಡ, ಬೀದರಿನವರಾದರೆ ಕೆಂಪು ಮುರ ಕಲ್ಲು ಕಾಣಿಸಲಿ. ಪರಕೀಯ ಊರಿನ ಚಿತ್ರವಾದರೆ ಅಪಾಯವೂ ಪರಕೀಯ ಅನಿಸುತ್ತದೆ. ಮುಗಿದ ಮೇಲೆ ಒಂದು ಪ್ರತಿಯನ್ನು ಕಪ್ಪು ಬಿಳುಪಿಗೆ ಬದಲಿಸಿ ನೋಡಿ. ಕೆಂಪು, ಹಸಿರಿನ ವ್ಯತ್ಯಾಸದ ಮೇಲೆಯೇ ಅರ್ಥ ನಿಂತಿದ್ದರೆ ಝೆರಾಕ್ಸ್ ಪ್ರತಿಯಲ್ಲಿ ಅದು ಮಾಯವಾಗುತ್ತದೆ.

ಎಐ ಆ್ಯಪ್‌ನಿಂದ ಚಿತ್ರ ತರಿಸುವವರಿಗೆ ಎಚ್ಚರಿಕೆ. ಪ್ರವಾಹದ ಚಿತ್ರ ಕೇಳಿದರೆ ನೀರಿನಲ್ಲಿ ನಗುತ್ತ ನಿಂತ ಮಕ್ಕಳನ್ನು ಕೊಟ್ಟುಬಿಡುವುದುಂಟು, ಬೋರ್ಡಿನ ಮೇಲಿನ ಕನ್ನಡ ಅಕ್ಷರ ಕಲಸಿಹೋಗಿರುತ್ತದೆ, ಒಂದೇ ಪಾತ್ರದ ಮುಖ ಚೌಕದಿಂದ ಚೌಕಕ್ಕೆ ಬದಲಾಗುತ್ತದೆ. ನಿಮ್ಮ ವಿದ್ಯಾರ್ಥಿಗಳ ಫೋಟೊವನ್ನು ಅಂಥ ಆ್ಯಪ್‌ಗೆ ಹಾಕಲೇಬೇಡಿ.

ಹಂತ 7: ಕನ್ನಡ ಅಕ್ಷರ ಕೆಡದಂತೆ

ಚಿತ್ರ ಚೆನ್ನಾಗಿ ಬಂದು ಅಕ್ಷರದಲ್ಲಿ ಸೋಲುವವರು ಬಹಳ. ಮೊದಲ ನಿಯಮ: ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೊಬೈಲಿಗೆ ತಂದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಗೂಗಲ್‌ನ ಜಿಬೋರ್ಡ್ ಆ್ಯಪ್‌ನ ಕನ್ನಡ ಕೀಲಿಮಣೆ ಸಾಕು. ಫಾಂಟ್‌ಗಳಲ್ಲಿ ನೋಟೊ ಸ್ಯಾನ್ಸ್ ಕನ್ನಡ ಸ್ಪಷ್ಟವಾಗಿದೆ. ಮಾತಿನ ಗುಳ್ಳೆಗೆ ದುಂಡಗಿನ ಬಲೂ ತಮ್ಮ ಒಪ್ಪುತ್ತದೆ. ಎರಡೂ ಉಚಿತ.

ಎರಡನೆಯದು ಒತ್ತಕ್ಷರದ ಪರೀಕ್ಷೆ. ಕೆಲವು ಆ್ಯಪ್‌ಗಳು ಒತ್ತು ಕೂಡಿಸದೆ ಬಿಡಿಬಿಡಿಯಾಗಿ ತೋರಿಸುತ್ತವೆ. ಕೆಲಸ ಶುರು ಮಾಡುವ ಮೊದಲೇ ಈ ಸಾಲು ಹಾಕಿ ನೋಡಿ: ‘ಅಕ್ಕಾ, ರಾತ್ರಿ ಹಳ್ಳ ಉಕ್ಕಿ ರಸ್ತೆ ಕಿತ್ತುಹೋಯ್ತು, ವಿದ್ಯಾರ್ಥಿಗಳು ಸುರಕ್ಷಿತ ಸ್ಥಳದಲ್ಲಿದ್ದಾರೆ.’ ಒತ್ತು ಅಕ್ಷರದ ಕೆಳಗೆ ಕೂರದೆ ಪಕ್ಕದಲ್ಲಿ ನಿಂತರೆ ಆ ಆ್ಯಪ್ ಕನ್ನಡಕ್ಕೆ ಬೇಡ. ಬಣ್ಣ ಒಂದರಲ್ಲಿ, ಅಕ್ಷರ ಇನ್ನೊಂದರಲ್ಲಿ ಮಾಡಿದರೆ ತೊಂದರೆಯಿಲ್ಲ.

1080 ಪಿಕ್ಸೆಲ್ ಅಗಲದ ಚಿತ್ರಕ್ಕೆ ಅಕ್ಷರದ ಗಾತ್ರ 50 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಸಾಲುಗಳ ನಡುವೆ ಜಾಗ ಧಾರಾಳ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತದೆ. ಒಂದು ಗುಳ್ಳೆಗೆ ಎಂಟು ಹತ್ತು ಪದ ಸಾಕು. ‘ಮುನ್ನೆಚ್ಚರಿಕಾ ಕ್ರಮಗಳನ್ನು ಕೈಗೊಳ್ಳುವುದು’ ಎಂಬಂಥದ್ದು ಗುಳ್ಳೆಯೊಳಗೆ ಹಿಡಿಸುವುದೂ ಇಲ್ಲ, ಯಾವ ಮಗುವೂ ಹಾಗೆ ಮಾತಾಡುವುದೂ ಇಲ್ಲ. ಗುಳ್ಳೆ ಬರೆದು ಅಕ್ಷರ ತುರುಕಬೇಡಿ. ಅಕ್ಷರ ಬರೆದು ಸುತ್ತ ಗುಳ್ಳೆ ಎಳೆಯಿರಿ.

ಹಂತ 8: ತೋರಿಸಿ, ಕೂಡಲೇ ಅಂಗಳಕ್ಕಿಳಿಸಿ

ಕಾಮಿಕ್ಸ್ ಫಲ ಕೊಡುವುದು ಇಲ್ಲಿ. ಒಂದು ಅವಧಿಯಲ್ಲಿ ಮುಗಿಸುವಂತೆ ಯೋಜಿಸಿ.

ಮೊದಲು ಕೊನೆಯ ಎರಡು ಚೌಕ ಮುಚ್ಚಿಟ್ಟು ಉಳಿದವನ್ನು ತೋರಿಸಿ. “ಈಗ ಅಕ್ಕ ಏನ್ ಮಾಡ್ಬೇಕು?” ಎಂದು ಕೇಳಿ, ಎಲ್ಲ ಉತ್ತರ ಬರಲಿ. ತಪ್ಪು ಉತ್ತರಕ್ಕೆ ಬೈಯಬೇಡಿ. ಮಕ್ಕಳು ಮನೆಯಲ್ಲಿ ನಿಜವಾಗಿ ಏನು ನೋಡಿದ್ದಾರೆ ಎಂದು ನಿಮಗೆ ತಿಳಿಯುವುದು ಆ ಉತ್ತರಗಳಿಂದಲೇ. ಆಮೇಲೆ ಕೊನೆಯ ಚೌಕಗಳನ್ನು ತೋರಿಸಿ.

ಬಳಿಕ ಅಂಗಳಕ್ಕೆ. ಸುಣ್ಣದಿಂದ ಎರಡು ಗೆರೆ ಎಳೆದರೆ ಹಳ್ಳವಾಯಿತು, ಒಂದು ಇಟ್ಟಿಗೆ ಗುರುತಿನ ಕಲ್ಲು. ಒಬ್ಬ ಮಗು ಕಾಕಾ ಆಗಲಿ, ಇನ್ನೊಬ್ಬರು ಅಕ್ಕ ಆಗಲಿ. “ಬ್ಯಾಡ ಕಾಕಾ” ಎಂಬ ಮಾತನ್ನು ಪ್ರತಿ ಮಗುವೂ ಬಾಯಿಬಿಟ್ಟು, ದನಿ ಎತ್ತಿ ಹೇಳಬೇಕು. ನಾಚುವ ಹುಡುಗಿಯರನ್ನು ಮೊದಲು ಗುಂಪಿನಲ್ಲಿ, ಆಮೇಲೆ ಒಬ್ಬೊಬ್ಬರಾಗಿ ಹೇಳಿಸಿ. ಸಿಡಿಲಿನ ಪಾಠಕ್ಕೆ ಒಬ್ಬರು ಟಾರ್ಚ್ ಬೆಳಗಲಿ, ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ತಾಟು ಬಡಿಯಲಿ, ಎಲ್ಲರೂ ಜೋರಾಗಿ ಎಣಿಸಲಿ. ಭೂಕಂಪಕ್ಕೆ ಗಂಟೆ ಬಾರಿಸಿದ ಕೂಡಲೇ ಬೆಂಚಿನಡಿ. ಹೀಗೆ ಮಾಡದೆ ಕಾಮಿಕ್ಸ್ ಮಾತ್ರ ತೋರಿಸಿ ಬಿಡುವುದು ಈಜು ಕಲಿಸಲು ಹೊಳೆಯ ಫೋಟೊ ತೋರಿಸಿದಂತೆ.

ಗುರುತಿನ ಕಲ್ಲು ನಿಜವಾಗಿಯೂ ಇರಬೇಕು ಎಂಬುದನ್ನು ಮರೆಯಬೇಡಿ. ಬೇಸಿಗೆಯಲ್ಲಿ ಹಳ್ಳ ಒಣಗಿದ್ದಾಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಪಂಚಾಯಿತಿಯವರ ಜತೆ ಹೋಗಿ ಸಿಡಿಯ ಎರಡೂ ತುದಿಗೆ ಒಂದೊಂದು ಕಲ್ಲು ನಿಲ್ಲಿಸಿ ಬಿಳಿ ಬಣ್ಣ ಹಚ್ಚಿಸಿ. ಸಿಡಿಯ ಮೇಲೆ ನೀರು ಹತ್ತುತ್ತಿದ್ದಂತೆ ಮುಳುಗುವಷ್ಟು ಗಿಡ್ಡ ಕಲ್ಲಾಗಿರಬೇಕು, ಎತ್ತರದ ಕಲ್ಲು ಮುಳುಗುವವರೆಗೆ ಕಾದರೆ ಹೊತ್ತು ಮೀರಿರುತ್ತದೆ. ಚಿತ್ರದಲ್ಲೂ ಅದೇ ಬಣ್ಣದ, ಅದೇ ಎತ್ತರದ ಕಲ್ಲು ಬರೆಯಿರಿ.

ಮನೆಗೆ ಕಳಿಸುವಾಗ ಎಲ್ಲ ಚೌಕಗಳನ್ನು ಒಂದು ಪಿಡಿಎಫ್ ಮಾಡಿ, 5 ಎಂಬಿ ದಾಟದಂತೆ ನೋಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಹಲವು ಮನೆಗಳಲ್ಲಿ ಮೊಬೈಲ್ ಅಪ್ಪನ ಜತೆ ಹೊಲಕ್ಕೆ ಹೋಗಿ ರಾತ್ರಿಗೆ ಬರುತ್ತದೆ. ಸಂಜೆ ಏಳರ ನಂತರ ಕಳಿಸಿದರೆ ಮಗು, ಅವ್ವ, ಆಯಿ ಕೂಡಿ ನೋಡುತ್ತಾರೆ. ಮೊಬೈಲೇ ಇಲ್ಲದ ಮನೆಯ ಮಗುವಿಗೆ ಪ್ರಿಂಟ್ ಕೊಡಿ, ಅದು ಎಲ್ಲರೆದುರು ಎದ್ದು ಕಾಣದಂತೆ.

ಕೆಲಸ ತಪ್ಪುದಾರಿ ಹಿಡಿದಿದೆ ಎನ್ನುವ ಗುರುತುಗಳು

ಮಕ್ಕಳು ಘೋಷಣೆ ಬಾಯಿಪಾಠ ಹೇಳುತ್ತಾರೆ, ಆದರೆ “ಎಲ್ಲಿ ನಿಲ್ತಿ?” ಎಂದರೆ ಸುಮ್ಮನಾಗುತ್ತಾರೆ. ಹಾಗಾದರೆ ಮೊದಲ ಹಂತಕ್ಕೆ ವಾಪಸ್ ಹೋಗಿ.

ಮಕ್ಕಳು ಆಟದಲ್ಲಿ ಕೊಚ್ಚಿಹೋಗುವವನ ಪಾತ್ರಕ್ಕೇ ಜಗಳಾಡುತ್ತಾರೆ ಅಥವಾ ನೀರಿಗೆ ಹಾರಿ ಉಳಿಸುವ ಆಟ ಆಡುತ್ತಾರೆ. ನಿಮ್ಮ ಚಿತ್ರದಲ್ಲಿ ಅಪಾಯ ರೋಚಕವಾಗಿದೆ. ಆ ಚೌಕವನ್ನು ಚಿಕ್ಕದು ಮಾಡಿ ಅಥವಾ ತೆಗೆಯಿರಿ.

ಯಾವುದಾದರೂ ಮಗು ಮಳೆ ಬಂದರೆ ಶಾಲೆಗೆ ಬರಲು ಅಳುತ್ತದೆ, ರಾತ್ರಿ ಬೆಚ್ಚುತ್ತದೆ ಎಂದು ಪಾಲಕರು ಹೇಳಿದರೆ ಕಾಮಿಕ್ಸ್ ತೋರಿಸುವುದನ್ನು ನಿಲ್ಲಿಸಿ. ಆ ಮಗುವಿನ ಜತೆ ಕೂತು ಮಾತಾಡಿ, ‘ನೀನು ಮಾಡಬಹುದಾದದ್ದು ಇದು’ ಎಂಬ ಕೊನೆಯ ಚೌಕವನ್ನಷ್ಟೇ ತೋರಿಸಿ.

ಪಾಲಕರು ಜಗಳಕ್ಕೆ ಬಂದರೆ, ‘ದೊಡ್ಡವರಿಗೇ ಎದುರು ಮಾತಾಡಲು ಕಲಿಸ್ತೀರಿ’ ಎಂದರೆ, ಗಾಬರಿಯಾಗಬೇಡಿ. ಪಾಠ ಮನೆ ತಲುಪಿದೆ. ಅವರನ್ನು ಶಾಲೆಗೆ ಕರೆದು ಅದೇ ಆಟದಲ್ಲಿ ಕಾಕಾನ ಪಾತ್ರ ಕೊಡಿ.

ಯಾವಾಗ ಯಾವುದು

ಬಿಸಿಲಿನ ಕಾಮಿಕ್ಸ್ ಶಿವರಾತ್ರಿಯ ಹೊತ್ತಿಗೆ ಸಿದ್ಧವಿರಲಿ. ಸಿಡಿಲಿನದು ಬೇಸಿಗೆ ರಜೆಗೆ ಮುಂಚೆ, ಏಕೆಂದರೆ ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಮಕ್ಕಳು ಹೊಲದಲ್ಲಿರುತ್ತಾರೆ. ಹಳ್ಳದ್ದು ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೊದಲ ವಾರ, ಮತ್ತೊಮ್ಮೆ ಸೆಪ್ಟೆಂಬರ್‌ನಲ್ಲಿ. ಭೂಕಂಪದ್ದು ವರ್ಷಕ್ಕೆರಡು ಸಲ ಯಾವಾಗಲಾದರೂ ಸರಿ, ಹೇಳದೆ ಕೇಳದೆ ಗಂಟೆ ಬಾರಿಸಿ.

ಪದರಗಳಿರುವ ಮೂಲ ಫೈಲನ್ನು ಅಳಿಸಬೇಡಿ. ಕಾಳಜಿ ಕೇಂದ್ರ ಬದಲಾದರೆ, ಸಿಡಿ ಎತ್ತರಿಸಿ ಸೇತುವೆ ಕಟ್ಟಿದರೆ, ಗುರುತಿನ ಕಲ್ಲು ಬೇರೆಡೆಗೆ ಹೋದರೆ ಆ ಒಂದು ಚೌಕವನ್ನು ತಿದ್ದಿ ಹೊಸ ಪ್ರತಿ ಕಳಿಸಿ. ಮೊದಲ ಚೌಕದ ಮೂಲೆಯಲ್ಲಿ ತಿಂಗಳು, ವರ್ಷ ಬರೆದಿದ್ದರೆ ಹಳೆಯದು ಯಾವುದು, ಹೊಸದು ಯಾವುದು ಎಂದು ಪಾಲಕರಿಗೆ ತಿಳಿಯುತ್ತದೆ. ನಿಮಗೆ ವರ್ಗಾವಣೆ ಆದರೆ ಮೂಲ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಮುಖ್ಯಗುರುಗಳ ಕೈಗೆ ಕೊಟ್ಟು ಹೋಗಿ.